ಕಾಗೆ, ಕೊಂಬೆ ಮತ್ತು ಕಾಕಾನ ವಿಡಿಯೊ

"ಖರೇ ಐತಿ ಅಂತನ ತಗದಾರ. ಸುಳ್ಳಿದ್ರ ಅವರಿಗ್ಯಾಕ ಅಂಜಿಕಿ?"

2021ರ ಅಕ್ಟೋಬರ್. ಬೆಳಗಾವಿಯ ಟಿಳಕವಾಡಿ, ವ್ಯಾಕ್ಸಿನ್ ಡಿಪೋದ ಮರಗಳ ನೆರಳು. ಕಾಕಾ ಮೊಬೈಲನ್ನು ನನ್ನ ಮೂಗಿನ ತನಕ ತಂದಿದ್ದರು. ಇಂಜೆಕ್ಷನ್ ಮಾಡಿಸಿಕೊಂಡ ಮರುದಿನವೇ ಯಾರೋ ಸತ್ತರು ಅನ್ನೋ ವಿಡಿಯೊ ಇದ್ದ ಜಾಗ ಈಗ ಖಾಲಿ. ಲಸಿಕೆ ಬಗ್ಗೆ ಸುಳ್ಳು ಹೇಳುವ ವಿಡಿಯೊಗಳನ್ನೆಲ್ಲ ತೆಗೆಯುತ್ತೇವೆ ಅಂತ ಯೂಟ್ಯೂಬ್ ಸೆಪ್ಟೆಂಬರ್ 29ಕ್ಕೆ ಸಾರಿತ್ತು. ಕೊರೊನಾ ಲಸಿಕೆಯ ಮೇಲಿನ 1.3 ಲಕ್ಷ ವಿಡಿಯೊ ಅಷ್ಟರಲ್ಲೇ ಹೋಗಿದ್ದವು. ಹೋಗಿದ್ದು ಅಲ್ಲಿಂದ ಮಾತ್ರ. ವಾಟ್ಸಾಪ್ ಸಂದೇಶ ಬಾಯಿ ಅಂಟಿಸಿದ ಲಕೋಟೆ ಇದ್ದಂತೆ, ಕಂಪನಿಯವರೂ ಒಡೆದು ನೋಡಲಾರರು. ನಮ್ಮ ಮನೆಯ ಗ್ರೂಪಿನಲ್ಲಿ ಅದೇ ವಿಡಿಯೊ ಆರಾಮಾಗಿ ಓಡುತ್ತಿತ್ತು.

ಕೂತ ಜಾಗ ನೆನೆದು ನಗು ಬಂತು. ಈ ಡಿಪೋಗೆ ನೂರು ವರ್ಷ ದಾಟಿದೆ. ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಇದು. ಆ ಕಾಲದಲ್ಲಿ ಲಸಿಕೆ ಬೆಳೆಸುತ್ತಿದ್ದದ್ದು ಕರುಗಳ ಚರ್ಮದ ಮೇಲೆ. 2021ರ ಜನವರಿಯಲ್ಲಿ ಕೊರೊನಾ ಲಸಿಕೆ ಬಂದು ಇಳಿದದ್ದೂ ಇಲ್ಲಿಗೇ. ಗಾಳಿಸುದ್ದಿಯೂ ಹೊಸದಲ್ಲ. ದನದ ಸಿಡುಬಿನಿಂದ ಇಂಗ್ಲೆಂಡಿನ ವೈದ್ಯ ಜೆನ್ನರ್ 1796ರಲ್ಲಿ ಲಸಿಕೆ ಕೊಟ್ಟಿದ್ದೇ ತಡ, ಹಾಕಿಸಿಕೊಂಡವರ ಮೈಯಿಂದ ದನ ಹುಟ್ಟುವ ವ್ಯಂಗ್ಯಚಿತ್ರ 1802ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು!

ಇರಲಿ. ಕಾಕಾನ ಮಾತು ಪೂರ್ತಿ ದಡ್ಡತನ ಅಲ್ಲ. ಕೊರೊನಾ ವೈರಸ್ ಮನುಷ್ಯರೇ ಮಾಡಿದ್ದು ಅನ್ನುವ ಪೋಸ್ಟ್‌ಗಳನ್ನು ಫೇಸ್‌ಬುಕ್ 2021ರ ಫೆಬ್ರವರಿಯಲ್ಲಿ ನಿಷೇಧಿಸಿ, ಮೇ ತಿಂಗಳಲ್ಲಿ ಆ ನಿಷೇಧ ಹಿಂತೆಗೆದುಕೊಂಡಿತು. ಹೀಗಾದರೆ ಜನ ಏನಂದುಕೊಳ್ಳಬೇಕು? ವಿಡಿಯೊ ಅಳಿಸಬಹುದು. "ಸೂಜಿ ಚುಚ್ಚಿದರು, ಸತ್ತ" ಅನ್ನುವ ಗುಮಾನಿ ಹೋಗಬೇಕಾದರೆ ಲೆಕ್ಕವನ್ನೇ ಮಾಡಬೇಕು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಅಂತೀವಲ್ಲ, ಅಲ್ಲಿಗೇ ನಿಲ್ಲಬೇಡಿ. ಕಾಗೆ ಕೂರದ ಮರಗಳಲ್ಲಿ ಎಷ್ಟು ಕೊಂಬೆ ಮುರಿದವು? ಅದನ್ನು ಎಣಿಸಿದರೇ ಕಾಗೆಯ ತಪ್ಪು ಇದೆಯೋ ಇಲ್ಲವೋ ಗೊತ್ತಾಗೋದು. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಎಲ್ಲರ ಹಣೆಯಲ್ಲೂ ಭಂಡಾರ. ಅಷ್ಟು ಜನರಲ್ಲಿ ಯಾರೋ ಒಬ್ಬರಿಗೆ ಎದೆ ಹಿಡಿದರೆ ಭಂಡಾರದಿಂದ ಅಂತೀವಾ?

ಈಗ ಅಂಕಿ ಹಾಕಿ. 2021ರ ಆಗಸ್ಟ್ 27ರಂದು ದೇಶದಲ್ಲಿ ಒಂದೇ ದಿನ 1 ಕೋಟಿಗೂ ಜಾಸ್ತಿ ಡೋಸ್ ಹಾಕಿದರು. ನಮ್ಮಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು 6 ಜನ ಸಾಯುತ್ತಾರೆ. ಅಂದರೆ ಕೋಟಿಗೆ 60 ಸಾವಿರ. 365ರಿಂದ ಭಾಗಿಸಿ. ದಿನಕ್ಕೆ 160ಕ್ಕೂ ಜಾಸ್ತಿ! ವಯಸ್ಸು, ಕಾಯಿಲೆ ಸೇರಿಸದ ಒರಟು ಲೆಕ್ಕ ಇದು. ಆದರೂ ಆ ಕೋಟಿ ಜನಕ್ಕೆ ಬರೀ ನೀರು ಚುಚ್ಚಿದ್ದರೂ ಮರುದಿನ ನೂರಕ್ಕೂ ಜಾಸ್ತಿ ಮನೆಯಲ್ಲಿ ಸಾವು ಆಗುತ್ತಿತ್ತು. ಆ ನೂರರಲ್ಲಿ ಒಂದು ಮನೆಯ ಮುಂದೆ ಮೊಬೈಲ್ ಹಿಡಿದು ನಿಂತರೆ ಸಾಕು, ವಿಡಿಯೊ ರೆಡಿ.

ಇದೇ ತಕ್ಕಡಿ ಲಸಿಕೆಯ ತಪ್ಪನ್ನೂ ಹಿಡಿಯುತ್ತದೆ. ನಮ್ಮಲ್ಲಿ ಹಾಕಿದ ಕೋವಿಶೀಲ್ಡ್ ಕೂಡ ಯುರೋಪಿನಲ್ಲಿ ಕೊಟ್ಟ ಆಸ್ಟ್ರಾಜೆನೆಕಾ ಕಂಪನಿಯ ಲಸಿಕೆಯೇ. ಅದನ್ನು ಹಾಕಿಸಿಕೊಂಡ ಕೆಲವರ ಮೆದುಳಿನ ರಕ್ತನಾಳದಲ್ಲಿ ಅಪರೂಪದ ಹೆಪ್ಪು ಕಂಡಾಗ ಯುರೋಪಿನ ಔಷಧ ನಿಯಂತ್ರಕರು ಮಾಡಿದ್ದು ಇದನ್ನೇ: ಸಾಮಾನ್ಯವಾಗಿ ಎಷ್ಟು ಆಗಬೇಕಿತ್ತು, ಈಗ ಎಷ್ಟಾಗಿದೆ? ಹೆಚ್ಚೇ ಆಗಿತ್ತು. ಲಕ್ಷಕ್ಕೆ ಒಂದೆರಡು. 2021ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. ಇದನ್ನು ಮುಚ್ಚಿಡದೆ ಹೇಳಿದ್ದಕ್ಕೇ ನಾನು ಉಳಿದದ್ದನ್ನು ನಂಬೋದು.

ಕಾಕಾ ಮೊಬೈಲ್ ಜೇಬಿಗಿಟ್ಟರು. ಒಪ್ಪಿದರು ಅಂತಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮೂರಾಗ ನಾಕು ಸಾವಿರ ಮಂದಿ ಅದೀವಿ. ಹಂಗಾರ ಸೂಜಿ ಇರಲಿ, ಬಿಡಲಿ, ವರ್ಷಕ್ಕ ಇಪ್ಪತ್ನಾಕ ಮಂದಿ ಹೋಗಬೇಕು?" ಅಂದರು.

"ಹೆಚ್ಚು ಕಡಿಮೆ."

"ತಡಿ, ಕೊರೊನಾ ಬರೂಕಿಂತ ಮೊದಲಿನ ವರ್ಷದ್ದ ಹಿಡಿಯೂಣು." ಹೆಬ್ಬೆರಳನ್ನು ಕಿರುಬೆರಳಿನ ಗೆರೆಗೆ ಇಟ್ಟು, ಅಗಸಿ ಬಾಗಿಲ ಕಡೆಯ ಓಣಿಯಿಂದ ಮನೆ ಮನೆ ಎಣಿಸತೊಡಗಿದರು.