‘ಉಳಿದರೆ ಕೊಡೋಣ’ ಅಂದರೆ ಉಳಿಯುವುದೇ ಇಲ್ಲ

ಹೋಟೆಲ್‌ಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ವರ್ಷದ ಕೊನೆಗೆ ಲಾಭ ನಷ್ಟದ ಹಾಳೆ ಮುಂದಿಟ್ಟುಕೊಂಡು ಕೂತಾಗ ಎಷ್ಟೋ ಮಾಲೀಕರು ಒಂದೇ ಮಾತು ಹೇಳುತ್ತಾರೆ. “ನಮ್ಮ ಏರಿಯಾದ ಮಕ್ಕಳಿಗೆ ಏನಾದ್ರೂ ಮಾಡ್ಬೇಕು ಸಾರ್. ಈ ಸಲ ಏನು ಉಳಿಯುತ್ತೋ ನೋಡಿ, ಅದರಲ್ಲಿ ಸ್ವಲ್ಪ ಕೊಡೋಣ.” ಮನಸ್ಸು ಒಳ್ಳೆಯದೇ. ಆದರೆ ‘ಉಳಿದರೆ’ ಅಂದ ತಕ್ಷಣ ಆ ಕೆಲಸ ಮುಂದಿನ ವರ್ಷಕ್ಕೆ ಹೋಯಿತು ಅಂತಲೇ ಲೆಕ್ಕ.

ಹೋಟೆಲ್ ವ್ಯಾಪಾರದಲ್ಲಿ ಉಳಿಯುವುದೇ ಕಡಿಮೆ. 100ರ ಬಿಲ್ ಆಯಿತು ಅಂದರೆ ಹೆಚ್ಚುಕಡಿಮೆ ಮೂರನೇ ಒಂದು ಪಾಲು ದಿನಸಿ, ತರಕಾರಿ, ಹಾಲಿಗೆ ಹೋಗುತ್ತದೆ. ಇನ್ನೊಂದು ಅಷ್ಟೇ ಪಾಲು ಸಂಬಳಕ್ಕೆ. ಮಿಕ್ಕಿದ್ದರಲ್ಲಿ ಬಾಡಿಗೆ, ಕರೆಂಟು, ಗ್ಯಾಸು, ರಿಪೇರಿ, ತೆರಿಗೆ. ಚೆನ್ನಾಗಿ ನಡೆಯುವ ಹೋಟೆಲ್‌ನಲ್ಲೂ ಮಾಲೀಕರ ಕೈಗೆ ಬರುವುದು ನೂರಕ್ಕೆ ಐದೋ ಹತ್ತೋ. ದೊಡ್ಡ ಫ್ರಿಜ್ ಒಂದು ಕೈಕೊಟ್ಟರೆ ಅದೂ ಹೋಯಿತು. ಅತ್ತ ವ್ಯಾಪಾರ ಬಿದ್ದ ವರ್ಷವೇ ಸುತ್ತಲಿನ ಮನೆಗಳಲ್ಲೂ ಕಷ್ಟ ಜಾಸ್ತಿ. ಸಹಾಯ ಬೇಕಾದಾಗ ಗಲ್ಲಾ ಖಾಲಿ ಇರುತ್ತದೆ.

ಅದಕ್ಕೇ ನಾನು ಹೇಳುವುದು ಇಷ್ಟು: ಮಕ್ಕಳಿಗೆ ಕೊಡುವುದನ್ನು ಕರೆಂಟ್ ಬಿಲ್ ಪಕ್ಕದಲ್ಲಿ ಬರೆಯಿರಿ. ತಿಂಗಳ ಖರ್ಚು, ಸಣ್ಣದು, ಬದಲಾಗದ್ದು. ಆಮೇಲೆ ದುಡ್ಡು ಬಿಟ್ಟು ಹೋಟೆಲ್‌ನಲ್ಲಿ ಇನ್ನೇನೇನು ಇದೆ ನೋಡಿ. ಐವತ್ತು ಜನಕ್ಕೆ ಒಂದೇ ಸಲ ಬೇಯಿಸುವ ಒಲೆ ಇದೆ. ಮೇಜು ಕುರ್ಚಿ ಇದೆ. ಅಡುಗೆ ಗೊತ್ತಿರುವ ಜನ ಇದ್ದಾರೆ. ದಿನದಲ್ಲಿ ಇದೆಲ್ಲ ಸುಮ್ನೆ ಬಿದ್ದಿರುವ ಹೊತ್ತೂ ಇದೆ.

ಲೆಕ್ಕ ಹಾಕಿ ನೋಡೋಣ. ನೂರಕ್ಕೆ ಐದು ಉಳಿಯುವ ಹೋಟೆಲ್ ಎಂದುಕೊಳ್ಳಿ. ಮಾಲೀಕರು 100 ದುಡ್ಡಾಗಿ ಕೊಡಬೇಕಾದರೆ 2000ದ ವ್ಯಾಪಾರ ಆಗಬೇಕು. ಅದೇ ಮೆನುವಿನಲ್ಲಿ 100 ಅಂತ ಬೆಲೆ ಇರುವ ಒಂದು ಊಟ ಕೊಟ್ಟರೆ ಅವರ ಕೈ ಬಿಡುವುದು ಸಾಮಾನಿನ ಖರ್ಚು ಮಾತ್ರ, ಅಂದರೆ ಸುಮಾರು 33. ಅಡುಗೆಯವರ ಸಂಬಳ, ಬಾಡಿಗೆ ಹೇಗೂ ಕೊಡುತ್ತಿದ್ದದ್ದೇ. 660ರ ವ್ಯಾಪಾರದಲ್ಲಿ ಆ ಊಟದ ಖರ್ಚು ಹುಟ್ಟುತ್ತದೆ. ಒಂದು ವಿಷಯ ಮಾತ್ರ ನೆನಪಿಡಿ, ಪುಸ್ತಕದಲ್ಲಿ ಅದನ್ನು 33 ಎಂದೇ ಬರೆಯಬೇಕು. ಮೆನು ಬೆಲೆ ಹಾಕಿ “ಇಷ್ಟು ಕೊಟ್ಟೆವು” ಎಂದು ಬೋರ್ಡ್ ಹಾಕಿಕೊಳ್ಳುವವರಿದ್ದಾರೆ. ಲೆಕ್ಕ ಗೊತ್ತಿರುವವರು ನೋಡಿ ನಗುತ್ತಾರೆ ಅಷ್ಟೆ.

ಇನ್ನು ಖಾಲಿ ಹೊತ್ತಿನ ವಿಷಯ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ರಾತ್ರಿ ಊಟ ಶುರುವಾಗುವ ಮೊದಲು ಒಂದು ಹೋಟೆಲ್ ಒಳಗೆ ಹೋಗಿ ನೋಡಿ. ಅರ್ಧ ಲೈಟು ಆರಿಸಿರುತ್ತಾರೆ. ಸಪ್ಲೈಯರ್ ಒಬ್ಬರು ಮೂಲೆಯ ಮೇಜಿನಲ್ಲಿ ಚಮಚ ಒರೆಸಿ ಡಬ್ಬಿಗೆ ಹಾಕುತ್ತಿರುತ್ತಾರೆ. ಕ್ಯಾಷಿಯರ್ ಫೋನ್ ನೋಡುತ್ತಿರುತ್ತಾರೆ. ಒಳಗೆ ರಾತ್ರಿಗೆ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಮೂವತ್ತು ಕುರ್ಚಿ ಖಾಲಿ. ಮಕ್ಕಳು ಶಾಲೆ ಬಿಟ್ಟು ಬರುವುದೂ ಸರಿಯಾಗಿ ಆಗಲೇ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿರುವ ಮನೆಯ ಮಗುವಿಗೆ ಬೀಗ ಹಾಕಿದ ಬಾಗಿಲು, ಹೊಟ್ಟೆಯಲ್ಲಿ ಹಸಿವು.

ನಾಲ್ಕು ಮೇಜನ್ನು ಆ ಒಂದೂವರೆ ಗಂಟೆ ಮಕ್ಕಳಿಗೆ ಬಿಟ್ಟುಕೊಡಿ. ಹೋಂವರ್ಕ್ ಮಾಡಿಕೊಳ್ಳಲಿ, ತಿನ್ನಲು ಒಂದು ತಟ್ಟೆ ಏನಾದರೂ ಇರಲಿ. ಜಾಗದ ಬಾಡಿಗೆ ಆಗಲೇ ಕಟ್ಟಿದ್ದೀರಿ. ಹೊಸದಾಗಿ ಆಗುವ ಖರ್ಚು ಆ ತಟ್ಟೆಯದ್ದು, ಜೊತೆಗೆ ಎರಡು ಲೈಟಿನದ್ದು. ನನ್ನ ಕಣ್ಣಿಗೆ ಒಂದು ಹೋಟೆಲ್ ಮಾಡಬಹುದಾದ ಎಲ್ಲ ಸಹಾಯಗಳಲ್ಲಿ ಇದೇ ಅತಿ ಅಗ್ಗದ್ದು, ಇದೇ ಅತಿ ಉಪಯೋಗದ್ದು. ಆದರೂ ಮಾಡುವವರು ಕಡಿಮೆ. ಫೋಟೊಗೆ ಚೆಂದ ಕಾಣುವುದಿಲ್ಲ, ಅಲ್ವಾ?

ಇದಕ್ಕೆ ಶಿಸ್ತು ಬೇಕು. ಶಾಲೆಯ ಕಡೆಯಿಂದಲೋ ಪೋಷಕರ ಕಡೆಯಿಂದಲೋ ದೊಡ್ಡವರೊಬ್ಬರು ಮಕ್ಕಳ ಜೊತೆ ಕೂತಿರಬೇಕು. ಹೋಟೆಲ್‌ನ ಯಾರೇ ಆಗಲಿ ಮಗುವಿನ ಜೊತೆ ಒಬ್ಬರೇ ಒಳಗಿನ ಕೋಣೆಗೆ ಹೋಗಕೂಡದು. ಮೇಜುಗಳು ರಸ್ತೆಯಿಂದ ಕಾಣುವ ಕಡೆ ಇರಲಿ. ಅಡುಗೆಮನೆಯ ಬಾಗಿಲು ದಾಟುವಂತಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ. ಒಳಗೆ ಬಿಸಿ ಎಣ್ಣೆ ಇದೆ, ಒದ್ದೆ ನೆಲ ಇದೆ. ಯಾವ ಮಗುವಿಗೆ ಕಡಲೆಬೀಜ ಆಗುವುದಿಲ್ಲ, ಯಾರಿಗೆ ಹಾಲು ಆಗುವುದಿಲ್ಲ ಎಂಬ ಪಟ್ಟಿ ಪೋಷಕರಿಂದಲೇ ಬರೆಸಿಕೊಂಡು ಒಳಗೆ ಗೋಡೆಗೆ ಅಂಟಿಸಿ.

ಜಪಾನಿನವರು ಇಂಥದ್ದನ್ನು ದೊಡ್ಡದಾಗಿ ಬೆಳೆಸಿದ್ದಾರೆ. 2012ರಲ್ಲಿ ಟೋಕಿಯೊದ ಓಟಾ ವಾರ್ಡಿನಲ್ಲಿ ತರಕಾರಿ ಅಂಗಡಿ ಇಟ್ಟಿದ್ದ ಒಬ್ಬ ಮಹಿಳೆ ‘ಕೊಡೊಮೊ ಶೊಕುಡೊ’, ಅಂದರೆ ಮಕ್ಕಳ ಊಟದ ಮನೆ, ಶುರು ಮಾಡಿದರು. ಶಾಲೆಯ ಊಟ ಬಿಟ್ಟರೆ ಬಾಳೆಹಣ್ಣಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ ಒಂದು ಮಗುವಿನ ವಿಷಯ ಶಾಲೆಯವರಿಂದ ಅವರ ಕಿವಿಗೆ ಬಿದ್ದಿತ್ತು. 2023ರ ಹೊತ್ತಿಗೆ ದೇಶದಾದ್ಯಂತ ಇಂಥವು 9000 ದಾಟಿದ್ದವು. ಸಮುದಾಯ ಭವನ, ದೇವಸ್ಥಾನ, ಹೋಟೆಲ್, ಎಲ್ಲಿ ಅಡುಗೆ ಮಾಡಲು ಆಗುತ್ತದೋ ಅಲ್ಲೆಲ್ಲ ನಡೆಯುತ್ತವೆ. ಅವರ ಒಂದು ಜಾಣತನ ನನಗೆ ತುಂಬ ಹಿಡಿಸಿತು. ಇವುಗಳಲ್ಲಿ ಹೆಚ್ಚಿನ ಕಡೆ ಯಾವ ಮಗು ಬೇಕಾದರೂ ಬರಬಹುದು. ಉಳ್ಳವರ ಮಗು, ಇಲ್ಲದವರ ಮಗು ಒಂದೇ ಸಾಲಿನಲ್ಲಿ ಕೂತಿರುತ್ತವೆ. ಹಾಗಾಗಿ ಅಲ್ಲಿಗೆ ಹೋದ ಮಾತ್ರಕ್ಕೆ “ಇವರ ಮನೆಯಲ್ಲಿ ಊಟಕ್ಕಿಲ್ಲ” ಎಂದು ಯಾರೂ ಅನ್ನುವಂತಿಲ್ಲ.

ಈ ನಾಚಿಕೆಯ ವಿಷಯವನ್ನು ಹೋಟೆಲ್‌ನವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಹತ್ತು ವರ್ಷದ ಮಗುವಿಗೆ ಹಸಿವಿನಷ್ಟೇ ಮಾನವೂ ಗೊತ್ತು. ಬೇರೆ ಬಣ್ಣದ ಟೋಕನ್, ಬೇರೆ ಕ್ಯೂ, “ಫ್ರೀ ಊಟದವರು ಈ ಕಡೆ ಬನ್ನಿ” ಎಂಬ ಕೂಗು, ಇಷ್ಟು ಸಾಕು, ನಾಳೆಯಿಂದ ಮಗು ಬರುವುದಿಲ್ಲ. ಎಲ್ಲರಿಗೂ ಕೊಡುವ ಬಿಲ್ಲನ್ನೇ ಆ ಮಗುವಿಗೂ ಕೊಡಿ, ‘ಪಾವತಿಯಾಗಿದೆ’ ಎಂದು ಮುದ್ರೆ ಒತ್ತಿ. ಇಟಲಿಯ ನೇಪಲ್ಸ್‌ನಲ್ಲಿ ಒಂದು ಕಾಫಿ ಕುಡಿದು ಎರಡಕ್ಕೆ ದುಡ್ಡು ಕೊಟ್ಟು ಹೋಗುವ ಹಳೆಯ ರೂಢಿ ಇದೆ. ಎರಡನೆಯದು ಮುಂದೆ ಬರುವ ಯಾರೋ ಕೈಯಲ್ಲಿಲ್ಲದವರಿಗೆ. ಕೊಟ್ಟವರು ಯಾರು, ಕುಡಿದವರು ಯಾರು, ಇಬ್ಬರಿಗೂ ಗೊತ್ತಿಲ್ಲ. ಮಕ್ಕಳ ಊಟಕ್ಕೂ ಇದನ್ನೇ ಮಾಡಬಹುದು. ಫೋಟೊ ಅಂತೂ ಬೇಡವೇ ಬೇಡ. ತಟ್ಟೆ ಹಿಡಿದು ನಿಂತ ಮಗುವಿನ ಚಿತ್ರ ಹಾಕಿ ಹೆಸರು ಮಾಡಿಕೊಂಡರೆ ಅದು ಜಾಹೀರಾತಿನ ಖರ್ಚು. ನಾನು ಅದನ್ನು ಆ ಕಾಲಮ್ಮಿನಲ್ಲೇ ಬರೆಯುತ್ತೇನೆ.

ಈಗ ಮಾಲೀಕರಿಗೆ ಎಲ್ಲಕ್ಕಿಂತ ಇಷ್ಟವಾದ ಐಡಿಯಾಗೆ ಬರೋಣ: ‘ಶಾಲೆಗಾಗಿ ಒಂದು ಸಂಜೆ’. ಆ ಸಂಜೆಯ ವ್ಯಾಪಾರದಲ್ಲಿ ನೂರಕ್ಕೆ ಇಷ್ಟು ಶಾಲೆಗೆ ಅನ್ನುವ ಪದ್ಧತಿ. ಒಳ್ಳೆಯದೇ, ಆದರೆ ದಿನ ನೋಡಿ ಇಟ್ಟುಕೊಳ್ಳಬೇಕು. ವಾರದ ನಡುವಿನ ಒಂದು ಡಲ್ ದಿನ ಸಾಮಾನ್ಯವಾಗಿ 100ರ ವ್ಯಾಪಾರ ಆಗುತ್ತದೆ ಎನ್ನಿ. ಶಾಲೆಯ ಹೆಸರಿನಿಂದ ಪೋಷಕರೆಲ್ಲ ಬಂದು 180 ಆಯಿತು. ನೂರಕ್ಕೆ 20ರಂತೆ ಶಾಲೆಗೆ 36 ಹೋಯಿತು. ಹೆಚ್ಚಿಗೆ ಬಂದ 80ರಲ್ಲಿ ಸಾಮಾನಿನ ಖರ್ಚು 27 ಕಳೆದರೆ 53. ಅದರಲ್ಲಿ 36 ಕೊಟ್ಟರೂ 17 ನಿಮ್ಮ ಕೈಯಲ್ಲೇ. ಇದನ್ನೇ ಹೇಗೂ ತುಂಬಿರುವ ವಾರದ ಕೊನೆಯ ರಾತ್ರಿ ಇಟ್ಟುಕೊಂಡರೆ ವ್ಯಾಪಾರ 100 ಇದ್ದದ್ದು 100 ಆಗಿಯೇ ಇರುತ್ತದೆ, 20 ಹೋಗುತ್ತದೆ. ಆ ರಾತ್ರಿಯ ಲಾಭ ಪೂರ್ತಿ ಕೊಟ್ಟು, ಮೇಲೆ ಕೈಯಿಂದಲೂ ಹಾಕಿದ ಹಾಗೆ. ಅಂಥ ಹೋಟೆಲ್ ಎರಡನೇ ಸಲ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ಮಾತು ಸ್ಪಷ್ಟವಾಗಿರಲಿ. ‘ಮಾರಾಟದ ನೂರಕ್ಕೆ 10’ ಬೇರೆ, ‘ಲಾಭದ ನೂರಕ್ಕೆ 10’ ಬೇರೆ. ನೂರಕ್ಕೆ ಐದು ಉಳಿಯುವ ಹೋಟೆಲ್‌ನಲ್ಲಿ 100ರ ವ್ಯಾಪಾರಕ್ಕೆ ಮೊದಲನೆಯದು 10, ಎರಡನೆಯದು ಒಂದು ಕೂಡ ಆಗುವುದಿಲ್ಲ. ಚೀಟಿ ತೋರಿಸಿದವರ ಬಿಲ್ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬ ಷರತ್ತು ಇದ್ದರೆ ಅದನ್ನೂ ದೊಡ್ಡ ಅಕ್ಷರದಲ್ಲಿ ಹಾಕಿ. ಇನ್ನು ಬಿಲ್ ಕೊಡುವಾಗ “ಚಿಲ್ಲರೆ ಮಕ್ಕಳಿಗೆ ಬಿಡ್ತೀರಾ?” ಎಂದು ಕೇಳಿ ಕೂಡಿಸಿದ ಹಣ ಗಿರಾಕಿಗಳದ್ದು. ಅದು ಗಲ್ಲಾದಲ್ಲಿ ಕಲೆಯಬಾರದು. ಪುಸ್ತಕದಲ್ಲಿ ಅದು ನೀವು ಕೊಡಬೇಕಾದ ಬಾಕಿ, ಆದಾಯ ಅಲ್ಲವೇ ಅಲ್ಲ. ಅದನ್ನು ನಿಮ್ಮ ದಾನ ಎಂದು ತೆರಿಗೆಯಲ್ಲಿ ತೋರಿಸುವ ಆಸೆಯನ್ನೂ ಬಿಟ್ಟುಬಿಡಿ.

ಮಕ್ಕಳ ಆಟದ ತಂಡಕ್ಕೆ ಅಂಗಿ ಹೊಲಿಸಿಕೊಡುವುದು, ಬಹುಮಾನ ಕೊಡುವುದು, ಇವೆಲ್ಲ ಚೆನ್ನಾಗಿವೆ. ಮಾಡಿ. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಮಿಕ್ಕಿದ ಊಟದ ಬಗ್ಗೆ ಹೇಳುವುದಿದೆ. ರಾತ್ರಿ ಮಿಕ್ಕಿದ್ದನ್ನು ಮಕ್ಕಳಿಗೆ ಕಳಿಸೋಣ ಎಂದು ಬಹಳ ಜನ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಕೆಟ್ಟ ಆಹಾರದಿಂದ ಬರುವ ಕಾಯಿಲೆಗಳ ಹೊರೆಯಲ್ಲಿ ನೂರಕ್ಕೆ 40 ಭಾಗ ಐದು ವರ್ಷದೊಳಗಿನ ಮಕ್ಕಳ ಮೇಲೆ ಬೀಳುತ್ತದೆ. ಅವರಲ್ಲಿ ವರ್ಷಕ್ಕೆ 1,25,000 ಮಕ್ಕಳು ಸಾಯುತ್ತಾರೆ. ದೊಡ್ಡವರಿಗೆ ಒಂದು ದಿನದ ಹೊಟ್ಟೆನೋವು ತರುವ ಊಟ ಸಣ್ಣ ಮಗುವನ್ನು ಆಸ್ಪತ್ರೆಗೆ ಸೇರಿಸಬಹುದು. ಅದೇ ಸಂಸ್ಥೆಯ ನಿಯಮ ಸರಳ: ಬೇಯಿಸಿದ್ದನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಇಡಬೇಡಿ. ಬಿಸಿಯಾಗಿ ಇಡುವುದಾದರೆ 60 ಡಿಗ್ರಿಗಿಂತ ಮೇಲೆ, ತಣ್ಣಗೆ ಇಡುವುದಾದರೆ 5 ಡಿಗ್ರಿಗಿಂತ ಕೆಳಗೆ. ಮೇಜಿಗೆ ಹೋಗಿ ವಾಪಸ್ ಬಂದದ್ದನ್ನು ಕಳಿಸಲೇಬೇಡಿ. ಅಮೆರಿಕದಲ್ಲಿ 1996ರ ಒಂದು ಕಾನೂನು, ಒಳ್ಳೆಯ ಮನಸ್ಸಿನಿಂದ ಸೇವಾ ಸಂಸ್ಥೆಗಳಿಗೆ ಊಟ ಕೊಟ್ಟವರನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಅಲ್ಲೂ ತೀರಾ ಬೇಜವಾಬ್ದಾರಿ ತೋರಿಸಿದವರಿಗೆ ರಕ್ಷಣೆ ಇಲ್ಲ. ನನ್ನ ಸಲಹೆ ಏನೆಂದರೆ, ಮಕ್ಕಳಿಗೆ ಎಂದೇ ಹತ್ತು ತಟ್ಟೆ ಜಾಸ್ತಿ ಬೇಯಿಸಿ. ಖರ್ಚು ಎಷ್ಟೆಂದು ಮೇಲೆಯೇ ನೋಡಿದೆವು.

ಇನ್ನೊಂದು ಮಾತು ಮಾಲೀಕರಿಗೆ ಹಿಡಿಸುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಾಗಾಗಬಾರದು. ನಿಮಗೆ ಎಲ್ಲಕ್ಕಿಂತ ಹತ್ತಿರದ ಮಕ್ಕಳು ನಿಮ್ಮ ಕೆಲಸಗಾರರ ಮಕ್ಕಳು. ಪಾತ್ರೆ ತೊಳೆಯುವಾಕೆಗೆ ನಾಳೆ ಯಾವ ಪಾಳಿ ಎಂದು ಇವತ್ತು ರಾತ್ರಿ ಹತ್ತಕ್ಕೆ ಗೊತ್ತಾದರೆ ಆಕೆ ಮಗುವನ್ನು ಯಾರ ಹತ್ತಿರ ಬಿಡಬೇಕು? ನ್ಯೂಯಾರ್ಕ್ ನಗರದಲ್ಲಿ 2017ರಿಂದ ಫಾಸ್ಟ್ ಫುಡ್ ಹೋಟೆಲ್‌ಗಳು ಕೆಲಸದ ಪಾಳಿಯನ್ನು 14 ದಿನ ಮೊದಲೇ ತಿಳಿಸಬೇಕು ಎಂಬ ಕಾನೂನೇ ಇದೆ. ಕಾನೂನು ಇಲ್ಲದ ಕಡೆಯೂ ಒಂದು ಹಾಳೆಯಲ್ಲಿ ಎರಡು ವಾರದ ಪಾಳಿ ಬರೆದು ಅಂಟಿಸಲು ಖರ್ಚೇನೂ ಇಲ್ಲ. ಹಿಂದಿನ ಬಾಗಿಲಲ್ಲಿ ಯಾರದೋ ಮಗು ಲೋಟ ತೊಳೆಯುತ್ತಿದ್ದರೆ, ಮುಂದಿನ ಬಾಗಿಲಲ್ಲಿ ಮಕ್ಕಳಿಗೆಂದು ಇಟ್ಟ ಡಬ್ಬಿಗೆ ಬೆಲೆಯಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಯುನಿಸೆಫ್ ಲೆಕ್ಕದಲ್ಲಿ 2024ರಲ್ಲೂ ಜಗತ್ತಿನಲ್ಲಿ ಸುಮಾರು 13.8 ಕೋಟಿ ಮಕ್ಕಳು ದುಡಿಮೆಯಲ್ಲಿದ್ದರು.

ಶುರು ಮಾಡುವಾಗ ಸಣ್ಣದಾಗಿ ಮಾಡಿ. ಒಂದು ಶಾಲೆ, ವಾರಕ್ಕೆ ಎರಡು ದಿನ, ಹತ್ತು ತಟ್ಟೆ. ಶಾಲೆಯವರನ್ನು ಮೊದಲು ಕೇಳಿ. ಊಟ ಕೊಡೋಣ ಎಂದು ಹೋದ ಕಡೆ ಅವರಿಗೆ ಬೇಕಾಗಿದ್ದದ್ದು ಕುಡಿಯುವ ನೀರಿನ ಫಿಲ್ಟರ್ ಆಗಿರಬಹುದು. ಮುಖ್ಯವಾಗಿ ಶಾಲೆಯ ರಜೆಯ ಪಟ್ಟಿ ಇಸ್ಕೊಳ್ಳಿ. ಶಾಲೆಯಲ್ಲಿ ಊಟ ಸಿಗುವ ಮಕ್ಕಳಿಗೆ ರಜೆಯೇ ಕಷ್ಟದ ಕಾಲ. 2020ರ ಅಕ್ಟೋಬರ್ 21ರಂದು ಬ್ರಿಟನ್ನಿನ ಸಂಸತ್ತು, ಇಂಗ್ಲೆಂಡಿನ ಬಡ ಮಕ್ಕಳಿಗೆ ರಜೆಯಲ್ಲೂ ಊಟ ಕೊಡಬೇಕೆಂಬ ಸೂಚನೆಯನ್ನು 322ಕ್ಕೆ 261 ಮತಗಳಿಂದ ತಳ್ಳಿಹಾಕಿತು. ಫುಟ್‌ಬಾಲ್ ಆಟಗಾರ ಮಾರ್ಕಸ್ ರಾಶ್‌ಫರ್ಡ್ ಅದಕ್ಕಾಗಿ ಹೋರಾಡುತ್ತಿದ್ದರು. ಆ ವಾರದಲ್ಲೇ ನೂರಾರು ಸಣ್ಣ ಹೋಟೆಲ್, ಕೆಫೆಗಳು “ನಾವು ಕೊಡ್ತೀವಿ” ಎಂದು ಮುಂದೆ ಬಂದವು. ಕೋವಿಡ್‌ನಿಂದ ವ್ಯಾಪಾರ ನೆಲ ಕಚ್ಚಿದ್ದ ಕಾಲ ಅದು. ಲಾಭದಿಂದ ಕೊಟ್ಟಿರಲು ಸಾಧ್ಯವೇ ಇರಲಿಲ್ಲ. ಒಲೆ ಇತ್ತು, ಕೆಲಸವಿಲ್ಲದೆ ಕೂತಿದ್ದ ಅಡುಗೆಯವರಿದ್ದರು. ಮುಂದಿನ ತಿಂಗಳು ಸರ್ಕಾರವೇ ದಾರಿಗೆ ಬಂದು ರಜೆಯ ಊಟಕ್ಕೆ ಹಣ ಕೊಡಲು ಒಪ್ಪಿತು.

ನಿಲ್ಲಿಸುವ ಪ್ರಸಂಗ ಬಂದರೂ ಅದೇ ರಜೆಯ ಪಟ್ಟಿ ನೋಡಿ. ಒಂದು ತಿಂಗಳು ಮೊದಲೇ ಶಾಲೆಗೆ ಹೇಳಿ, ಬೇರೆ ಯಾರನ್ನಾದರೂ ಹುಡುಕಿಕೊಳ್ಳಲು ಅವರಿಗೆ ಸಮಯ ಕೊಡಿ. ಆದರೆ ರಜೆ ಶುರುವಾಗುವ ವಾರದಲ್ಲಿ ಮಾತ್ರ ನಿಲ್ಲಿಸಬೇಡಿ.