ಮೇಷ್ಟ್ರನ್ನು ತಯಾರು ಮಾಡುವ ಕಾಲೇಜನ್ನು ಅಳೆಯೋದು ಹೇಗೆ?

ಸಕಲೇಶಪುರದ ಕಡೆ ಒಂದು ಸರ್ಕಾರಿ ಶಾಲೆ. ಜುಲೈ ತಿಂಗಳು, ಹೆಂಚಿನ ಮೇಲೆ ಬಿಡದೆ ಮಳೆ. ಒಂದರಿಂದ ಐದನೇ ತರಗತಿವರೆಗಿನ ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ. ಬೋಧನಾ ಅಭ್ಯಾಸಕ್ಕೆ ಬಂದ ಹುಡುಗಿಯ ಪಾಠ ಯೋಜನೆಯಲ್ಲಿ ಇದ್ದದ್ದು ನಾಲ್ಕನೇ ತರಗತಿಯ ಭಿನ್ನರಾಶಿ. ನಾಲ್ಕನೇ ತರಗತಿಯವರು ಇಬ್ಬರೇ! ಉಳಿದ ಮಕ್ಕಳಿಗೆ ಅಷ್ಟು ಹೊತ್ತು ಏನು ಕೊಡಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಓದುತ್ತಿದ್ದ ಕಾಲೇಜಿಗೆ ಮಾನ್ಯತೆ ಇತ್ತು.

ಈ 'ಮಾನ್ಯತೆ' ಎಂಬ ಮಾತಿನಲ್ಲೇ ಗೊಂದಲ ಇದೆ. ಕಾಲೇಜು ತೆರೆಯಲು ಸಿಗುವ ಅನುಮತಿಗೂ ಅದೇ ಹೆಸರು, ಅಲ್ಲಿನ ಕಲಿಕೆ ಹೇಗಿದೆ ಎಂದು ನೋಡಿ ಕೊಡುವ ಗ್ರೇಡಿಗೂ ಅದೇ ಹೆಸರು. ಎರಡೂ ಬೇರೆ ಬೇರೆ.

ಅನುಮತಿ ಕೊಡೋದು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ. 1973ರಲ್ಲಿ ಶುರುವಾದಾಗ ಅದು ಬರೀ ಸಲಹಾ ಮಂಡಳಿ. ಅದಕ್ಕೆ ಕಾನೂನಿನ ಬಲ ಬೇಕು ಎಂದಿದ್ದು 1986ರ ಶಿಕ್ಷಣ ನೀತಿ. ಹಾಸನ, ಚಿಕ್ಕಮಗಳೂರಿನ ಡಯಟ್‌ಗಳಿಗೂ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಅದೇ ನೀತಿ ಮೂಲ. 1993ರಲ್ಲಿ ಎನ್‌ಸಿಟಿಇ ಕಾಯ್ದೆಯಾಯಿತು, 1995ರಲ್ಲಿ ಜಾರಿಗೆ ಬಂತು. ಕಾಲೇಜುಗಳ ಗುಣಮಟ್ಟ ಅಳೆದು ಗ್ರೇಡ್ ಕೊಡುವ ಸಂಸ್ಥೆ ನ್ಯಾಕ್ 1994ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು.

ಆಮೇಲೆ ಖಾಸಗಿ ಕಾಲೇಜುಗಳು ಸಿಕ್ಕಾಪಟ್ಟೆ ಹೆಚ್ಚಿದವು. ಕಟ್ಟಡ, ಠೇವಣಿ, ಸಿಬ್ಬಂದಿ ಪಟ್ಟಿ ತೋರಿಸಿದರೆ ಅನುಮತಿ ಸಿಗುತ್ತಿತ್ತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಶಿಕ್ಷಕರ ತರಬೇತಿಯನ್ನು ಪರಿಶೀಲಿಸಲು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ ಬಂತು. 2012ರಲ್ಲಿ ಅದು ವರದಿ ಕೊಟ್ಟಿತು. ಶಿಕ್ಷಕರ ತರಬೇತಿ ಸಂಸ್ಥೆಗಳಲ್ಲಿ ಸುಮಾರು 90% ಖಾಸಗಿಯವರ ಕೈಯಲ್ಲಿದ್ದವು. ದುಡ್ಡಿಗೆ ಪದವಿ ಮಾರುವ ಇಂಥ ಸಂಸ್ಥೆಗಳ ಬಗ್ಗೆ 2020ರ ಶಿಕ್ಷಣ ನೀತಿ ಆ ವರದಿಯನ್ನೇ ಮುಂದಿಟ್ಟು ಬರೆಯಿತು. ಓದಿದಾಗ ನನಗೆ ಆ ಹುಡುಗಿಯ ಮುಖವೇ ನೆನಪಾಯಿತು.

ಎನ್‌ಸಿಟಿಇಯ 2014ರ ನಿಯಮಗಳು ಬಿ.ಇಡಿ.ಯನ್ನು ಎರಡು ವರ್ಷ ಮಾಡಿದವು. ಅನುಮತಿ ಸಿಕ್ಕ ಐದು ವರ್ಷದೊಳಗೆ ಗ್ರೇಡ್ ಪಡೆಯಲೇಬೇಕು ಎಂದೂ ಹೇಳಿದವು. ಈಗ ಪದವಿ, ಬಿ.ಇಡಿ. ಎರಡನ್ನೂ ಸೇರಿಸಿದ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ಬಂದಿದೆ. ಬಿ.ಇಡಿ. ಒಂದನ್ನೇ ನಡೆಸುವ ಕಾಲೇಜುಗಳು 2030ರೊಳಗೆ ಬಹುವಿಷಯಕ ಸಂಸ್ಥೆಗಳಾಗಿ, ಅಂದರೆ ಬೇರೆ ವಿಷಯಗಳನ್ನೂ ಕಲಿಸುವ ಸಂಸ್ಥೆಗಳಾಗಿ ಬದಲಾಗಬೇಕು.

ವೈದ್ಯರಿಗೆ ಆಸ್ಪತ್ರೆ ಇದ್ದ ಹಾಗೆ ಮೇಷ್ಟ್ರಿಗೆ ಶಾಲೆ, ಅಲ್ವಾ? ಹಾಗಿದ್ದರೆ ಅಳೆಯಲು ಬರುವ ತಂಡ ಕಾಲೇಜಿನ ಕಡತ ನೋಡಿ ಹೊರಟುಬಿಟ್ಟರೆ ಸಾಲದು. ಅಲ್ಲಿನ ವಿದ್ಯಾರ್ಥಿಗಳು ಪಾಠ ಮಾಡುವ ಮಲೆನಾಡಿನ ಶಾಲೆಗೂ ಬರಬೇಕು, ಹಿಂದಿನ ಸಾಲಿನಲ್ಲಿ ಒಂದು ಇಡೀ ದಿನ ಕೂರಬೇಕು. ಮಳೆಗಾಲದಲ್ಲೇ ಬಂದರೆ ಇನ್ನೂ ಒಳ್ಳೆಯದು.