ಕುಲುಮೆ ಇದ್ದವರೆಲ್ಲ ಪರೀಕ್ಷಕರೇ

2018ರ ಜುಲೈಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರ ಲೇಖನವೊಂದು ಭೌತವಿಜ್ಞಾನಿಗಳ ನಿದ್ದೆ ಕೆಡಿಸಿತು. ಚಿನ್ನದೊಳಗೆ ಬೆಳ್ಳಿಯ ನ್ಯಾನೋ ಕಣಗಳನ್ನು ಹುದುಗಿಸಿದ ವಸ್ತು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅತಿವಾಹಕವಾಗುತ್ತದೆ, ಅಂದರೆ ವಿದ್ಯುತ್ತಿಗೆ ಅದರಲ್ಲಿ ತಡೆಯೇ ಇರುವುದಿಲ್ಲ ಎಂದು ಅವರು ಬರೆದಿದ್ದರು. 1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಭೌತವಿಜ್ಞಾನಿ ಕಾಮರ್ಲಿಂಗ್ ಓನ್ಸ್ ಈ ಗುಣವನ್ನು ಮೊದಲು ಕಂಡದ್ದು ಪಾದರಸದಲ್ಲಿ, ಸುಮಾರು ಮೈನಸ್ 269 ಡಿಗ್ರಿಯಲ್ಲಿ. ಅತಿವಾಹಕದ ಮಟ್ಟಿಗೆ ಮೈನಸ್ 37 ಎಂದರೆ ಸುಡುಬಿಸಿಲು.

ಕೆಲವೇ ವಾರಗಳಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಆ ಲೇಖನದ ಒಂದು ನಕ್ಷೆಯಲ್ಲಿ ವಿಚಿತ್ರವೊಂದನ್ನು ಗುರುತಿಸಿದರು. ಬೇರೆ ಬೇರೆ ಕಾಂತಕ್ಷೇತ್ರಗಳಲ್ಲಿ ಅಳೆದ ಎರಡು ಸಾಲು ಚುಕ್ಕೆಗಳು ಅಲ್ಲಿದ್ದವು. ಅಳತೆಯಲ್ಲಿ ನುಸುಳುವ ಸಣ್ಣ ಏರುಪೇರಿಗೆ ಗೊತ್ತುಗುರಿ ಇರುವುದಿಲ್ಲ, ಒಮ್ಮೆ ಬಂದದ್ದು ಹಾಗೆಯೇ ಮತ್ತೆ ಬರಬಾರದು. ಇಲ್ಲಿ ಮಾತ್ರ ಒಂದು ಸಾಲು ಇನ್ನೊಂದರ ಪಡಿಯಚ್ಚು, ತುಸು ಕೆಳಗಿಳಿಸಿಟ್ಟಂತೆ. ಇದಕ್ಕೆ ಭೌತಿಕ ಕಾರಣವಿದೆಯೋ, ದತ್ತಾಂಶದಲ್ಲೇ ದೋಷವಿದೆಯೋ ಎಂದು ವಾದ ಬೆಳೆಯಿತು. ವಸ್ತುವೇ ಕೈಗೆ ಸಿಗದವರು ನಕ್ಷೆ ಹಿಡಿದು ವಾದಿಸದೆ ಇನ್ನೇನು ಮಾಡಿಯಾರು? 2019ರಲ್ಲಿ ಅದೇ ಸಂಸ್ಥೆಯ ಇನ್ನಷ್ಟು ಸಂಶೋಧಕರು ಸೇರಿ, ಹೆಚ್ಚಿನ ಅಳತೆಗಳೊಂದಿಗೆ ಪರಿಷ್ಕೃತ ಲೇಖನ ಹೊರತಂದರು. ಆದರೂ ವಿಜ್ಞಾನಲೋಕ ಆ ಫಲಿತಾಂಶವನ್ನು ಇನ್ನೂ ಒಪ್ಪಿಕೊಂಡಿಲ್ಲ.

ಇದೇ ಕ್ಷೇತ್ರದಲ್ಲಿ ಹಿಂದೆ ನಡೆದದ್ದೇ ಬೇರೆ. 1986ರಲ್ಲಿ ಜ್ಯೂರಿಕ್‌ನ ಬೆಡ್ನೋರ್ಜ್ ಮತ್ತು ಮ್ಯುಲ್ಲರ್, ಪಿಂಗಾಣಿಯಂಥ ತಾಮ್ರದ ಆಕ್ಸೈಡ್ ಅತಿವಾಹಕವಾಗಬಹುದೆಂದು ಅಳುಕುತ್ತಲೇ ಪ್ರಕಟಿಸಿದರು. ಪುಡಿಗಳನ್ನು ಬೆರೆಸಿ ಕುಲುಮೆಯಲ್ಲಿ ಬೇಯಿಸಿದರಾಯಿತು. ವರ್ಷಾಂತ್ಯದೊಳಗೆ ಟೋಕಿಯೊದವರು ಅದನ್ನು ಖಚಿತಪಡಿಸಿದರು. ಮರುವರ್ಷ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ದ್ರವ ಸಾರಜನಕದ ಉಷ್ಣತೆಯಲ್ಲೇ, ಅಂದರೆ ಸುಮಾರು ಮೈನಸ್ 196 ಡಿಗ್ರಿಯಲ್ಲೇ, ಕೆಲಸ ಮಾಡುವ ಅತಿವಾಹಕವನ್ನು ತಯಾರಿಸಿತು. ಅದೇ 1987ರಲ್ಲಿ ಮೂಲ ಶೋಧಕರಿಬ್ಬರಿಗೂ ನೊಬೆಲ್ ಬಂತು. ನೊಬೆಲ್ ಸಮಿತಿ ಅಷ್ಟು ಅವಸರ ತೋರುವುದು ಅಪರೂಪ. ನನ್ನ ಪ್ರಕಾರ ಅದಕ್ಕೆ ಧೈರ್ಯ ಕೊಟ್ಟದ್ದು ಊರೂರಿನ ಕುಲುಮೆಗಳು.

ತಯಾರಿಕೆಯ ವಿಧಾನ ಬಹಿರಂಗವಾಗಿದ್ದರೆ ತಪ್ಪು ಕೂಡ ಬೇಗ ಬಗೆಹರಿಯುತ್ತದೆ. 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಎಲ್‌ಕೆ-99 ಎಂಬ ವಸ್ತು ಕೋಣೆಯ ಉಷ್ಣತೆಯಲ್ಲೇ ಅತಿವಾಹಕ ಎಂದು ಘೋಷಿಸಿ, ಅದನ್ನು ಮಾಡುವ ಬಗೆಯನ್ನೂ ಬರೆಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಸೇರಿದಂತೆ ಹಲವೆಡೆ ಅದನ್ನು ತಯಾರಿಸಿ ನೋಡಿದರು. ಅತಿವಾಹಕತೆ ಕಾಣಲಿಲ್ಲ. 104 ಡಿಗ್ರಿಯ ಆಸುಪಾಸಿನಲ್ಲಿ ವಿದ್ಯುತ್ ತಡೆ ತಟ್ಟನೆ ಇಳಿಯುತ್ತಿದ್ದುದಕ್ಕೆ ಅದರಲ್ಲಿ ಕಲಬೆರಕೆಯಾಗಿದ್ದ ತಾಮ್ರದ ಸಲ್ಫೈಡ್ ಕಾರಣ ಎಂದು ಕೆಲವೇ ವಾರಗಳಲ್ಲಿ ತಿಳಿಯಿತು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಶುದ್ಧ ಹರಳನ್ನೇ ಬೆಳೆಸಿದಾಗ, ಅದು ಅತಿವಾಹಕವಾಗುವುದು ಹಾಗಿರಲಿ, ವಿದ್ಯುತ್ತನ್ನೇ ಹರಿಯಗೊಡಲಿಲ್ಲ.